ನ್ಯೂಯಾರ್ಕ್‌ನಿಂದ ಡಲ್ಲಾಸ್‌ಗೆ ಹೋದರೆ ಶೇ 10 ಸಂಬಳ ಕಡಿತ, ಒಪ್ಪಬಹುದಾ?

ಪ್ರಶ್ನೆ: ಎಲ್ಲರಿಗೂ ನಮಸ್ಕಾರ. ನಾನು ನ್ಯೂಯಾರ್ಕ್‌ನಲ್ಲಿ ಫೈನಾನ್ಸ್ ಅನಲಿಸ್ಟ್. ಎಚ್-1ಬಿ ವೀಸಾ, ಮದುವೆ ಆಗಿಲ್ಲ. ಸಂಬಳ ವರ್ಷಕ್ಕೆ 1,20,000 ಡಾಲರ್. ಕ್ವೀನ್ಸ್‌ನಲ್ಲಿ ಒಂದು ಬೆಡ್‌ರೂಮಿನ ಮನೆಗೆ ಬಾಡಿಗೆ 2,400. ಈಗ ಕಂಪನಿಯವರು ಡಲ್ಲಾಸ್ ಆಫೀಸಿಗೆ ಹೋಗ್ತೀರಾ ಅಂತ ಕೇಳುತ್ತಿದ್ದಾರೆ. ಆದರೆ ಅಲ್ಲಿ ಖರ್ಚು ಕಡಿಮೆ ಅಂತ ಸಂಬಳವನ್ನ 1,08,000ಕ್ಕೆ ಇಳಿಸುತ್ತಾರಂತೆ. ಡಲ್ಲಾಸ್ ಪಕ್ಕದ ಇರ್ವಿಂಗ್ ಕಡೆ 1,500ಕ್ಕೆ ಮನೆ ನೋಡಿಟ್ಟಿದ್ದೇನೆ. ಆನ್‌ಲೈನ್ ಕ್ಯಾಲ್ಕುಲೇಟರ್‌ಗಳಲ್ಲಿ ಹಾಕಿದರೆ ಒಂದೊಂದು ಒಂದೊಂದು ಹೇಳುತ್ತೆ. ಟ್ಯಾಕ್ಸ್, ಪೇರೋಲ್ ಗೊತ್ತಿರುವವರು ದಯವಿಟ್ಟು ಹೇಳಿ.

ಉತ್ತರ (ಟ್ಯಾಕ್ಸ್ ಮತ್ತು ಪೇರೋಲ್ ಕೆಲಸ ಮಾಡುವವರು): ಕ್ಯಾಲ್ಕುಲೇಟರ್ ಪಕ್ಕಕ್ಕಿಡಿ. ನಿಮ್ಮ ಪೇ ಸ್ಲಿಪ್ ತೆಗೆದು ನೋಡಿ. ಫೆಡರಲ್ ಟ್ಯಾಕ್ಸ್, ಸೋಶಿಯಲ್ ಸೆಕ್ಯುರಿಟಿ, ಮೆಡಿಕೇರ್ ಆದಮೇಲೆ ಇನ್ನೆರಡು ಸಾಲು ಇರುತ್ತವೆ: ಒಂದು ನ್ಯೂಯಾರ್ಕ್ ರಾಜ್ಯದ್ದು, ಇನ್ನೊಂದು ನ್ಯೂಯಾರ್ಕ್ ನಗರದ್ದು. ಟೆಕ್ಸಸ್‌ನಲ್ಲಿ ಈ ಎರಡೂ ಇಲ್ಲ.

2025ರ ದರದಲ್ಲಿ, 401(ಕೆ) ಅನ್ನೋ ನಿವೃತ್ತಿ ಉಳಿತಾಯ ಖಾತೆಗೆ ಏನೂ ಹಾಕಿಲ್ಲ ಅಂದುಕೊಂಡರೆ, 1,20,000ಕ್ಕೆ ಆ ಎರಡೂ ಸಾಲು ಸೇರಿ ಸುಮಾರು 10,500 ಡಾಲರ್ ಆಗುತ್ತದೆ. ಇನ್ನು 12,000 ಕಡಿತ. ಅಷ್ಟೂ ನಿಮ್ಮ ಜೇಬಿಂದ ಹೋಗಲ್ಲ, ಯಾಕಂದ್ರೆ ಅದರ ಮೇಲೆ ಕಟ್ಟುತ್ತಿದ್ದ ಫೆಡರಲ್ ಟ್ಯಾಕ್ಸ್, ಸೋಶಿಯಲ್ ಸೆಕ್ಯುರಿಟಿ ಎಲ್ಲ ಸೇರಿ ಹತ್ತಿರ ಹತ್ತಿರ 3,600 ಉಳಿಯುತ್ತದೆ. ಅಂದರೆ ಕೈಗೆ ಕಡಿಮೆ ಬರೋದು 8,400, ಆ ಎರಡು ಸಾಲಿಂದ ಉಳಿಯೋದು 10,500. ಸಂಬಳ ಇಳಿದರೂ ಟೇಕ್ ಹೋಮ್ ವರ್ಷಕ್ಕೆ 2,000 ಡಾಲರ್ ಜಾಸ್ತಿಯೇ ಆಯ್ತಲ್ವಾ?

ಖುಷಿಪಡುವ ಮುಂಚೆ ಕಾರಿನ ಲೆಕ್ಕ ಹಾಕಿ. ಕ್ವೀನ್ಸ್‌ನಲ್ಲಿ ಸಬ್‌ವೇ ಇದೆ, ಸವಾರಿಗೆ 3 ಡಾಲರ್, ಒಂದೇ ಕಾರ್ಡ್ ಅಥವಾ ಫೋನ್ ಟ್ಯಾಪ್ ಮಾಡುತ್ತಿದ್ದರೆ ವಾರಕ್ಕೆ 35 ದಾಟಲ್ಲ. ಇರ್ವಿಂಗ್‌ನಲ್ಲಿ ಡಾರ್ಟ್ (ಡಲ್ಲಾಸ್ ಪ್ರದೇಶದ ಸಾರಿಗೆ ಸಂಸ್ಥೆ) ರೈಲು ಇದೆ ನಿಜ, ಆದರೆ ಮನೆ, ಆಫೀಸು ಎರಡೂ ಸ್ಟೇಷನ್ ಪಕ್ಕ ಸಿಗುವುದು ಅದೃಷ್ಟ. ಕಾರಿನ ಕಂತು 400, ಇನ್ಶೂರೆನ್ಸ್ 200, ಪೆಟ್ರೋಲು ಮತ್ತು ಟೋಲ್ 150 ಅಂತ ಇಟ್ಟುಕೊಳ್ಳಿ. ಅಮೆರಿಕದಲ್ಲಿ ಡ್ರೈವಿಂಗ್ ಹಿಸ್ಟರಿ ಇಲ್ಲದಿದ್ದರೆ ಇನ್ಶೂರೆನ್ಸ್ ಇನ್ನೂ ಏರುತ್ತೆ. ಬಾಡಿಗೆಯಲ್ಲಿ ಉಳಿಯೋ 900ರಲ್ಲಿ ಕಾರಿಗೆ 750 ಹೋಯ್ತು. ಸಬ್‌ವೇದು 150 ವಾಪಸ್ ಬಂತು, ಟೇಕ್ ಹೋಮ್‌ನ 170 ಸೇರಿಸಿ. ತಿಂಗಳಿಗೆ 470ರ ಆಸುಪಾಸು ಉಳಿಯುತ್ತದೆ. ಬೇಸಿಗೆಯಲ್ಲಿ ಎಸಿ ಬಿಲ್ ಬಂದಾಗ ಅದರಲ್ಲೂ ಒಂದಷ್ಟು ಕರಗುತ್ತೆ.

ಆದ್ದರಿಂದ ನಷ್ಟ ಇಲ್ಲ, ಆದರೆ ಎಲ್ಲರೂ ಹೇಳುವಷ್ಟು ಲಾಭವೂ ಇಲ್ಲ. ಹೋಗೋ ಮನಸ್ಸಿದ್ದರೆ ಹೋಗಿ, 1,08,000ಕ್ಕೆ ಮಾತ್ರ ತಕ್ಷಣ ಹೂಂ ಅನ್ನಬೇಡಿ. ಮುಂದಿನ ಹೈಕ್ ಶೇಕಡಾವಾರು ಬರುತ್ತೆ, 401(ಕೆ)ಗೆ ಕಂಪನಿ ತನ್ನ ಕಡೆಯಿಂದ ಹಾಕೋ ಮ್ಯಾಚ್ ಕೂಡ ಸಂಬಳದ ಶೇಕಡಾವಾರು. ಬುಡ ಇಳಿದರೆ ಎಲ್ಲವೂ ಇಳಿಯುತ್ತೆ. 1,14,000 ಕೇಳಿ ನೋಡಿ. ನಾಳೆ ನ್ಯೂಯಾರ್ಕ್‌ಗೆ ಮತ್ತೆ ಕರೆದರೆ ಹಳೇ ಸಂಬಳಕ್ಕೆ ತರ್ತಾರಾ ಅನ್ನೋದನ್ನ ಇಮೇಲ್‌ನಲ್ಲಿ ಬರೆಸಿಕೊಳ್ಳಿ.

ಇನ್ನೊಬ್ಬ ಸದಸ್ಯರು: ಸರ್, ಇವರು ನ್ಯೂಯಾರ್ಕ್ ಆಫೀಸಿನಲ್ಲೇ ಹೆಸರು ಇಟ್ಟುಕೊಂಡು ಡಲ್ಲಾಸ್ ಮನೆಯಿಂದ ಕೆಲಸ ಮಾಡಿದರೆ? ಸಂಬಳ 1,20,000, ಟ್ಯಾಕ್ಸ್ ಟೆಕ್ಸಸ್‌ದು. ಎರಡೂ ಕಡೆ ಲಾಭ ಅಲ್ವಾ?

ಉತ್ತರ: ಸಿಕ್ಕಾಪಟ್ಟೆ ಜನ ಸಿಕ್ಕಿಹಾಕಿಕೊಳ್ಳೋದು ಇಲ್ಲೇ. ನ್ಯೂಯಾರ್ಕ್‌ಗೆ ‘ಕನ್ವೀನಿಯನ್ಸ್ ಆಫ್ ದಿ ಎಂಪ್ಲಾಯರ್’ ಅಂತ ಒಂದು ನಿಯಮ ಇದೆ. ನಿಮ್ಮ ಆಫೀಸು ನ್ಯೂಯಾರ್ಕ್‌ನಲ್ಲಿದ್ದು, ನಿಮ್ಮ ಅನುಕೂಲಕ್ಕೆ ಬೇರೆ ರಾಜ್ಯದ ಮನೆಯಲ್ಲಿ ಕೂತು ಕೆಲಸ ಮಾಡಿದರೆ, ಆ ದಿನಗಳ ಸಂಬಳಕ್ಕೂ ನ್ಯೂಯಾರ್ಕ್ ರಾಜ್ಯದ ಟ್ಯಾಕ್ಸ್ ಕಟ್ಟಬೇಕು. ನಗರದ ಟ್ಯಾಕ್ಸ್ ಅಲ್ಲಿ ವಾಸ ಇರುವವರಿಗೆ ಮಾತ್ರ, ಅದು ತಪ್ಪುತ್ತೆ. ರಾಜ್ಯದ್ದು ತಪ್ಪಲ್ಲ. ಹಾಗಾಗಿ ಕಂಪನಿ ನಿಮ್ಮನ್ನ ಡಲ್ಲಾಸ್ ಆಫೀಸಿಗೆ ವರ್ಗ ಮಾಡಿರುವ ಪತ್ರ ಬೇಕು.

ಇನ್ನು ಎಚ್-1ಬಿ ಇರುವವರು ಸುಮ್ನೆ ಊರು ಬದಲಿಸುವ ಹಾಗಿಲ್ಲ. ಒಂದು ಮೆಟ್ರೋ ಪ್ರದೇಶದಿಂದ ಇನ್ನೊಂದಕ್ಕೆ ಕೆಲಸದ ಜಾಗ ಹೋದರೆ ಕಂಪನಿ ಹೊಸ ಎಲ್‌ಸಿಎ (ಕೆಲಸದ ಜಾಗ, ಸಂಬಳ ತಿಳಿಸಿ ಕಾರ್ಮಿಕ ಇಲಾಖೆಗೆ ಕೊಡೋ ಅರ್ಜಿ) ತೆಗೆದು ಎಚ್-1ಬಿ ಅರ್ಜಿಗೆ ಅಮೆಂಡ್‌ಮೆಂಟ್ (ತಿದ್ದುಪಡಿ) ಫೈಲ್ ಮಾಡಬೇಕು. ಅಮೆರಿಕದ ವಲಸೆ ಇಲಾಖೆಯ 2015ರ ಸಿಮಿಯೋ ತೀರ್ಪಿನಿಂದ ಇದು ಸ್ಪಷ್ಟ. ಫೈಲ್ ಆದಮೇಲೆ ಅಲ್ಲಿ ಕೆಲಸ ಶುರು ಮಾಡಬಹುದು, ಅಪ್ರೂವಲ್‌ಗೆ ಕಾಯಬೇಕಿಲ್ಲ. ಹೊಸ ಸಂಬಳ ಡಲ್ಲಾಸ್‌ನ ಪ್ರಿವೇಲಿಂಗ್ ವೇಜ್‌ಗಿಂತ (ಆ ಕೆಲಸಕ್ಕೆ ಆ ಊರಲ್ಲಿ ಚಾಲ್ತಿಯಲ್ಲಿರೋ ಸಂಬಳಕ್ಕಿಂತ) ಕಡಿಮೆ ಇರುವ ಹಾಗಿಲ್ಲ. ಕಡಿತದ ಮಾತುಕತೆಯಲ್ಲಿ ಇದನ್ನೂ ಕೇಳಿ.

ಪ್ರಶ್ನೆ ಕೇಳಿದವರು: ತುಂಬಾ ಥ್ಯಾಂಕ್ಸ್ ಸರ್. ಸ್ನೇಹಿತರು ಅಲ್ಲಿಗೆ ಹೋಗಿ ಮನೆನೇ ತಗೊಂಡುಬಿಡು ಅಂತಾರೆ. ಮಾರ್ಚ್‌ನಲ್ಲಿ ಬೋನಸ್ ಬೇರೆ ಇದೆ, ಅದಕ್ಕೆ ಮುಂಚೆ ಹೋದರೆ ಟ್ಯಾಕ್ಸ್ ಉಳಿಯುತ್ತಾ?

ಉತ್ತರ: ಮನೆ ಈಗಲೇ ಬೇಡ ಅಂತ ನನ್ನ ಅನಿಸಿಕೆ. ಟೆಕ್ಸಸ್ ಆದಾಯ ತೆರಿಗೆ ಬಿಟ್ಟಿದ್ದನ್ನ ಪ್ರಾಪರ್ಟಿ ಟ್ಯಾಕ್ಸ್‌ನಲ್ಲಿ ವಸೂಲಿ ಮಾಡುತ್ತೆ. ಮನೆ ಬೆಲೆಯ ಶೇ 2ರ ಹತ್ತಿರ ಹೋಗೋ ಕಡೆಗಳಿವೆ. ಹೊಸ ಬಡಾವಣೆಗಳಲ್ಲಿ ಎಂಯುಡಿ, ಪಿಐಡಿ ಅಂತ ನೀರು, ಚರಂಡಿ, ರಸ್ತೆಯಂಥ ಸೌಲಭ್ಯಗಳಿಗೆ ಹಾಕೋ ಸ್ಥಳೀಯ ತೆರಿಗೆ, ಶುಲ್ಕ ಮೇಲೆ ಇನ್ನಷ್ಟು. ಒಂದು ವರ್ಷ ಬಾಡಿಗೆಗೆ ಇದ್ದು ನೋಡಿ.

ಬೋನಸ್ ವಿಷಯ: ನ್ಯೂಯಾರ್ಕ್‌ನಲ್ಲಿ ಕೂತು ದುಡಿದ ವರ್ಷದ ಬೋನಸ್ ಆದರೆ, ಡಲ್ಲಾಸ್‌ಗೆ ಹೋದಮೇಲೆ ಬಂದರೂ ನ್ಯೂಯಾರ್ಕ್ ರಾಜ್ಯದ ಟ್ಯಾಕ್ಸ್ ಇರುತ್ತೆ. ಅದಕ್ಕೋಸ್ಕರ ಓಡಬೇಡಿ. ಹೋಗುವ ತಾರೀಖನ್ನ ಪೇರೋಲ್‌ಗೆ ಮೊದಲೇ ಬರೆದು ತಿಳಿಸಿ. ಡಲ್ಲಾಸ್‌ನಲ್ಲಿ ಬಂದ ಮೊದಲ ಪೂರ್ತಿ ಪೇ ಸ್ಲಿಪ್‌ನಲ್ಲಿ ಆ ಎರಡು ಸಾಲು ಇನ್ನೂ ಕಾಣಿಸಿದರೆ ಅವತ್ತೇ ಇಮೇಲ್ ಹಾಕಿ. ಇಲ್ಲಾಂದ್ರೆ ಆ ದುಡ್ಡು ವಾಪಸ್ ಬರೋಕೆ ಮುಂದಿನ ವರ್ಷ ರಿಟರ್ನ್ ಫೈಲ್ ಮಾಡುವವರೆಗೂ ಕಾಯಬೇಕಾಗುತ್ತೆ.