ಅಪ್‌ಡೇಟ್: ಬೀದಿಯ ಕೊಲ್ಹಾಪುರಿಯಲ್ಲಿ ಅಸಲಿ ಯಾವುದು?

ಬೇಸಿಗೆಗೆ ಬೀದಿಯಲ್ಲಿ ಕಾಣುವ ಕೊಲ್ಹಾಪುರಿ ಚಪ್ಪಲಿಗಳಲ್ಲಿ ಚರ್ಮದ್ದನ್ನು ಗುರುತಿಸುವುದು ಹೇಗೆ ಎಂದು ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಧನ್ಯವಾದ. ನೀವು ಹೇಳಿದ್ದನ್ನು ಅಂಗಡಿಯಲ್ಲಿ ಪರೀಕ್ಷಿಸಿದ ಮೇಲೆ ಗಟ್ಟಿಯಾಗಿ ನಿಂತದ್ದು ಇಷ್ಟು.

ಮೊದಲು ಅಟ್ಟೆಯ ಅಂಚು ನೋಡಿ. ಅಸಲಿಯಲ್ಲಿ ಚರ್ಮದ ಪದರಗಳು ಕಾಣುತ್ತವೆ, ಹೊಲಿಗೆಯೂ ಚರ್ಮದ ದಾರದ್ದೇ, ಮೊಳೆ ಇರುವುದಿಲ್ಲ. ಅಂಚಿಗೆ ದಪ್ಪ ಬಣ್ಣ ಬಳಿದಿದ್ದರೆ ಒಳಗೆ ರಟ್ಟು ಇರಬಹುದು. ಅದು ಒಮ್ಮೆ ನೆನೆದರೆ ಉಬ್ಬಿ ಬಿಚ್ಚಿಕೊಳ್ಳುತ್ತದೆ. ಅಟ್ಟೆಯ ಮೇಲೆ ಒಂದು ಹನಿ ನೀರು ಬಿಡಿ: ಜಾಲಿ ತೊಗಟೆ, ಅಳಲೆಕಾಯಿಯಲ್ಲಿ ಹದ ಮಾಡಿದ ಚರ್ಮ ಅದನ್ನು ಹೀರಿ ಕಪ್ಪಾಗುತ್ತದೆ, ರೆಕ್ಸಿನ್ ಮೇಲೆ ಹನಿ ಜಾರುತ್ತದೆ. ಪಾಲಿಶ್ ಹಚ್ಚಿದ್ದರೆ ಈ ಪರೀಕ್ಷೆ ನಂಬಬೇಡಿ.

ಅಳತೆ ತುಸು ಬಿಗಿಯಾಗಿಯೇ ಇರಲಿ, ಪಟ್ಟಿ ಸಡಿಲವಾಗುತ್ತದೆ. ಹೆಬ್ಬೆರಳಿನ ಕುಣಿಕೆ ಉಜ್ಜಿದರೆ ಒಳಭಾಗಕ್ಕೆ ಹರಳೆಣ್ಣೆ ಸವರಿ ರಾತ್ರಿಯಿಡೀ ಬಿಡಿ. ನೆನೆದರೆ ನೆರಳಲ್ಲೇ ಒಣಗಿಸಿ. ಬಿಸಿಲಿಗಿಟ್ಟರೆ ಸೆಟೆದು ಬಿರುಕು ಬಿಡುತ್ತದೆ.

ಇನ್ನೊಂದು ಮಾತು: ಕೊಲ್ಹಾಪುರಿಗೆ 2019ರಲ್ಲಿ ಸಿಕ್ಕ ಭೌಗೋಳಿಕ ಗುರುತಿನಲ್ಲಿ (ಜಿಐ ಟ್ಯಾಗ್, ಅಂದರೆ ಇಂಥ ಊರಿನ ಉತ್ಪನ್ನ ಎಂಬ ಅಧಿಕೃತ ಗುರುತು) ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಇವೆ. ಅಥಣಿ, ನಿಪ್ಪಾಣಿ ಕಡೆಯ ಜೋಡಿ ಸಿಕ್ಕರೆ ಖಂಡಿತ ಬಿಡಬೇಡಿ.