ಸಹಾಯ ಬೇಕು: ಹಳೆಯ ಅಕ್ವೇರಿಯಂಗೆ ಕ್ಯಾನಿಸ್ಟರ್ ಫಿಲ್ಟರ್ ಅಳವಡಿಸುವ ಬಗ್ಗೆ

ನಾಲ್ಕು ವರ್ಷಗಳಿಂದ ನಡೆಯುತ್ತಿರುವ ನನ್ನ 200 ಲೀಟರಿನ ಸಿಹಿನೀರಿನ ಅಕ್ವೇರಿಯಂನಲ್ಲಿ ಐದು ಏಂಜೆಲ್ ಮೀನುಗಳೂ ಎಂಟು ಕೋರಿಡೋರಾಸ್ ಮೀನುಗಳೂ ಇದ್ದು, ಈವರೆಗೆ ತೊಟ್ಟಿಯ ಅಂಚಿಗೆ ತೂಗುಹಾಕಿದ ಒಂದೇ ಫಿಲ್ಟರ್ ಎಲ್ಲ ಹೊರೆಯನ್ನೂ ಹೊತ್ತಿದೆ. ಮೀನುಗಳು ಬೆಳೆದಂತೆ ಅದರ ಶಕ್ತಿ ಸಾಲದಾಗಿದೆ. ಸ್ಪಾಂಜ್ ವಾರದೊಳಗೆ ಕಟ್ಟಿಕೊಳ್ಳುತ್ತದೆ, ತಳದ ಮೂಲೆಗಳಲ್ಲಿ ಕಸ ನಿಲ್ಲುತ್ತದೆ. ಮೀನಿನ ತ್ಯಾಜ್ಯದಿಂದ ಉಂಟಾಗುವ ವಿಷಕಾರಿ ಅಮೋನಿಯಾ ಮತ್ತು ನೈಟ್ರೈಟ್ ಸೊನ್ನೆಯಲ್ಲಿವೆ. ಅವು ಪರಿವರ್ತನೆಯಾಗಿ ಕೊನೆಗೆ ಉಳಿಯುವ ನೈಟ್ರೇಟ್ ಮಾತ್ರ 40 ಪಿಪಿಎಂ (ಹತ್ತು ಲಕ್ಷದಲ್ಲಿ 40 ಭಾಗ) ಸಮೀಪಿಸುತ್ತಿದೆ, ಆದರೆ ಅದಕ್ಕೆ ಮದ್ದು ಫಿಲ್ಟರ್ ಅಲ್ಲ, ನೀರು ಬದಲಾವಣೆ ಎಂಬುದು ನನಗೆ ತಿಳಿದಿದೆ.

ಗಂಟೆಗೆ 1,000 ಲೀಟರ್, ಅಂದರೆ ತೊಟ್ಟಿಯ ಐದು ಪಟ್ಟು ನೀರು ಹಾಯಿಸುವ ಸಾಮರ್ಥ್ಯದ ಕ್ಯಾನಿಸ್ಟರ್ ಫಿಲ್ಟರ್ (ತೊಟ್ಟಿಯ ಹೊರಗಿಟ್ಟು ಕೊಳವೆಗಳಿಂದ ಜೋಡಿಸುವ ಮುಚ್ಚಿದ ಡಬ್ಬಿಯಂಥ ಫಿಲ್ಟರ್) ಹಾಕಬೇಕೆಂದಿದ್ದೇನೆ. ಪೆಟ್ಟಿಗೆಯ ಮೇಲಿನ ಅಂಕಿ ಸಾಮಾನ್ಯವಾಗಿ ಖಾಲಿ ಫಿಲ್ಟರಿನದ್ದಾಗಿದ್ದು, ಸ್ಪಾಂಜ್ ಮತ್ತು ಸೆರಾಮಿಕ್ ರಿಂಗ್‌ಗಳನ್ನು ತುಂಬಿದ ಮೇಲೆ ಹರಿವು ಕುಗ್ಗುವುದರಿಂದ ಇಷ್ಟು ಅಂತರ ಇಟ್ಟುಕೊಂಡಿದ್ದೇನೆ.

ನನ್ನ ಮುಖ್ಯ ಆತಂಕ ಬ್ಯಾಕ್ಟೀರಿಯಾಗಳದ್ದು. ಅಮೋನಿಯಾವನ್ನು ಪರಿವರ್ತಿಸುವ ಜೀವಿಗಳು ನೀರಿನಲ್ಲಿ ತೇಲುವುದಕ್ಕಿಂತ ಹೆಚ್ಚಾಗಿ ಸ್ಪಾಂಜ್, ಮರಳು ಮತ್ತು ಗಿಡಗಳ ಮೇಲ್ಮೈಗೆ ಅಂಟಿಕೊಂಡಿರುತ್ತವೆಯಾದ್ದರಿಂದ, ಹಳೆಯ ಫಿಲ್ಟರನ್ನು ಒಮ್ಮೆಲೇ ತೆಗೆದರೆ ತೊಟ್ಟಿ ಮತ್ತೆ ಮೊದಲಿನಿಂದ ಪಕ್ವವಾಗಬೇಕಾದೀತು, ಅಂದರೆ ಆ ಬ್ಯಾಕ್ಟೀರಿಯಾಗಳು ಹೊಸದಾಗಿ ಬೆಳೆಯಬೇಕಾದೀತು. ಹಾಗಾಗಿ ಹೊಸ ಫಿಲ್ಟರಿನಲ್ಲೂ ಅವು ನೆಲೆಗೊಳ್ಳಲೆಂದು ಎರಡನ್ನೂ ಆರು ವಾರ ಜೊತೆಯಾಗಿ ಓಡಿಸುವುದು ನನ್ನ ಯೋಜನೆ. ಹಿಂದೊಮ್ಮೆ ಸ್ಪಾಂಜನ್ನು ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ಕ್ಲೋರಿನ್ ಇರುವ ನಲ್ಲಿ ನೀರಿನಲ್ಲಿ ತೊಳೆದು ಎರಡು ಮೀನುಗಳನ್ನು ಕಳೆದುಕೊಂಡವನು ನಾನು. ಈಗ ತೊಟ್ಟಿಯಿಂದ ತೆಗೆದ ನೀರಿನಲ್ಲಷ್ಟೇ ಹಿಂಡುತ್ತೇನೆ.

ಅನುಭವಿಗಳು ದಯವಿಟ್ಟು ತಿಳಿಸಿ: ಹಳೆಯ ಸ್ಪಾಂಜಿನ ಅರ್ಧವನ್ನು ಕತ್ತರಿಸಿ ಕ್ಯಾನಿಸ್ಟರಿನೊಳಗೆ ಇಟ್ಟರೆ ಈ ಅವಧಿಯನ್ನು ಸುರಕ್ಷಿತವಾಗಿ ಮೊಟಕುಗೊಳಿಸಬಹುದೇ? ಏಂಜೆಲ್ ಮೀನುಗಳಿಗೆ ಬಿರುಸಾದ ಹರಿವು ಒಗ್ಗದ ಕಾರಣ, ನೀರು ಹೊರಬರುವ ಸ್ಪ್ರೇ ಬಾರನ್ನು (ಸಾಲಾಗಿ ರಂಧ್ರಗಳಿರುವ ಕೊಳವೆ) ಗಾಜಿನ ಕಡೆಗೆ ತಿರುಗಿಸಿದರೆ ಸಾಕೇ, ಅಥವಾ ವಾಲ್ವ್ ತಿರುಗಿಸಿ ಹರಿವನ್ನೇ ತಗ್ಗಿಸಬೇಕೇ?