ಬೇಸಿಗೆ ಬಂತು, ಒಬ್ಬರೇ ಇರುವ ಅಪ್ಪನಿಗೆ ಯಾರ ಸಹಾಯ ಕೇಳಲಿ?

ಪ್ರಶ್ನೆ:
ಅಪ್ಪನಿಗೆ 76 ವರ್ಷ, ಒಬ್ಬರೇ ಇದ್ದಾರೆ. ನಾನು ದೂರದಲ್ಲಿದ್ದೇನೆ, ಮನೆಯಲ್ಲಿ ನಾಲ್ಕು ತಿಂಗಳ ಮಗು ಬೇರೆ. ಹೋದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಫೋನ್ ಮಾಡಿದರೆ ಅವರ ಮಾತು ತೊದಲುತ್ತಿತ್ತು, ಪಕ್ಕದ ಮನೆಯವರು ಹೋಗಿ ನೋಡಿದಾಗ ಕಿಟಕಿ ಎಲ್ಲ ತೆರೆದು ಬಿಸಿಗಾಳಿಯಲ್ಲೇ ಕೂತಿದ್ದರಂತೆ. ನೆನೆಸಿಕೊಂಡರೆ ಈಗಲೂ ಎದೆ ಝಲ್ ಅನ್ನುತ್ತದೆ.

ಉತ್ತರ 1:
ಆ ಪಕ್ಕದ ಮನೆಯವರೇ ನಿಮ್ಮ ದೊಡ್ಡ ಬಲ. ಒಂದು ಕೀಲಿ ಅವರ ಹತ್ತಿರ ಇರಲಿ. ಅಪ್ಪನ ಮಾತ್ರೆಗಳ ಹೆಸರು, ನಿಮ್ಮ ನಂಬರ್ ಬರೆದು ಬಾಗಿಲ ಹಿಂದೆ ಅಂಟಿಸಿ. ಹತ್ತಿರದ ಆರೋಗ್ಯ ಕೇಂದ್ರ, ಹಿರಿಯರ ಸಂಘದಲ್ಲಿ ಮನೆಗೆ ಬಂದು ನೋಡುವವರು ಇದ್ದಾರಾ ಅಂತ ಕೇಳಿ. ಲೈಬ್ರರಿ ತಂಪಾಗಿದ್ದರೆ ದಿನಕ್ಕೆ ಎರಡು ಮೂರು ಗಂಟೆ ಅಲ್ಲಿ ಕೂತರೂ ಮೈಗೆ ಎಷ್ಟೋ ಆರಾಮ.

ಉತ್ತರ 2:
ನಾನು ನರ್ಸ್. ಬಿಸಿಲಲ್ಲಿ ಮಾತು ತೊದಲಿದರೆ, ಗೊಂದಲವಾದರೆ ಕಾಯಬೇಡಿ, ತಕ್ಷಣ ಆಂಬುಲೆನ್ಸ್ ಕರೆಸಿ. ಬರುವಷ್ಟರಲ್ಲಿ ನೆರಳಿಗೆ ತಂದು ಮೈಯೆಲ್ಲ ಒದ್ದೆ ಮಾಡಿ ಗಾಳಿ ಬೀಸಿ, ಎಚ್ಚರ ಸರಿಯಿಲ್ಲದಿದ್ದರೆ ಬಾಯಿಗೆ ನೀರು ಹಾಕಬೇಡಿ. ಇನ್ನೊಂದು, ಹೊರಗೆ 40 ಡಿಗ್ರಿ ದಾಟಿದರೆ ಬರೀ ಫ್ಯಾನ್ ಸಾಲದು, ಅದು ಬಿಸಿಗಾಳಿಯನ್ನೇ ಮೈಮೇಲೆ ತಳ್ಳುತ್ತದೆ. ಹಗಲು ಕಿಟಕಿ ಮುಚ್ಚಿ, ರಾತ್ರಿ ತಂಪಾದ ಮೇಲೆ ತೆರೆಯಲಿ. ಬಿಪಿ ಮಾತ್ರೆ ಇದ್ದರೆ ಡಾಕ್ಟರನ್ನು ಈಗಲೇ ಕೇಳಿ, ನೀವೇ ನಿಲ್ಲಿಸಬೇಡಿ.

ಉತ್ತರ 3:
ಮಗುವಿನ ಬಗ್ಗೆ ಒಂದು ಮಾತು: ಆರು ತಿಂಗಳ ತನಕ ಬೇರೆ ನೀರು ಬೇಡ, ಹಾಲನ್ನೇ ಜಾಸ್ತಿ ಸಲ ಕೊಡಿ. ತಳ್ಳುಗಾಡಿಗೆ ಬಟ್ಟೆ ಮುಚ್ಚಬೇಡಿ, ಒಳಗೆ ಕಾವು ಏರುತ್ತದೆ.

ಪ್ರಶ್ನೆ ಕೇಳಿದವರು:
ಕೀಲಿ ವಿಷಯ ನನಗೆ ಹೊಳೆದೇ ಇರಲಿಲ್ಲ. ಪಕ್ಕದ ಮನೆಯವರಿಗೆ ಈಗಲೇ ಫೋನ್ ಮಾಡ್ತೀನಿ.